ಸದ್ದಿಲ್ಲದ ಪಾಠಕ್ಕೆ ಹೊದಿಸಿದ ಶಾಲು

ಪ್ರಶಸ್ತಿ ಅನ್ನುವ ಮಾತು ಕೇಳಿದರೆ ನನಗೀಗ ವಾಕರಿಕೆ ಬರುತ್ತದೆ. ನನ್ನ ಮನೆಯ ಪಡಸಾಲೆಯಲ್ಲೇ ಒಂದು ಪ್ರಶಸ್ತಿ ತಯಾರಾದದ್ದನ್ನು ಕಣ್ಣಾರೆ ಕಂಡವಳು ನಾನು.

ಮದುಕ್ಕರೈಯಲ್ಲಿ ನನ್ನದೊಂದು ಹೆಂಚಿನ ಮನೆ. ಫ್ಯಾಕ್ಟರಿಯ ಸಿಮೆಂಟ್ ಧೂಳು ತುಳಸಿಯ ಮೇಲೂ ಕೂರುತ್ತದೆ, ಒಣಹಾಕಿದ ಸೀರೆಯ ಮೇಲೂ ಕೂರುತ್ತದೆ. ಚಿಕ್ಕಂದಿನಲ್ಲಿ ತಾಳವಾಡಿ ಕಡೆ ಮೂರನೇ ಕ್ಲಾಸಿನವರೆಗೆ ಕನ್ನಡ ಕಲಿತಿದ್ದೆ. ಮದುವೆಯಾಗಿ ಘಟ್ಟ ಇಳಿದ ಮೇಲೆ ಬೀದಿಯಲ್ಲೆಲ್ಲ ತಮಿಳು, ಮನೆಯೊಳಗೆ ಮಾತ್ರ ನಮ್ಮ ಮಾತು. ಮೈಸೂರು ಕಡೆಯ ಹುಡುಗಿಯೊಬ್ಬಳು ಬಾಡಿಗೆಗೆ ಕೋಣೆ ಕೇಳಿಕೊಂಡು ಬಂದಾಗ ಅವಳ ಕನ್ನಡ ಕೇಳಿಯೇ ಕೊಟ್ಟೆ. ಬೇರೆ ಗುಣವೇನೂ ಕಾಣಲಿಲ್ಲ. ಕುಡಿದ ಲೋಟ ತೊಳೆಯಲೂ ಬಾರದವಳು.

ಅವಳು ಇಲ್ಲಿನ ಒಂದು ಯೂನಿವರ್ಸಿಟಿಯಲ್ಲಿ ಅಕೌಂಟ್ಸ್ ಪಾಠ ಹೇಳುವ ಟೀಚರ್. ಕಾಯಂ ಆಗಿರಲಿಲ್ಲ. ದುಡಿಯುವ ಜನ ಇದ್ದಲ್ಲಿಂದಲೇ ಓದಿ ಡಿಗ್ರಿ ಪಡೆಯುವ ಕೋರ್ಸು, ಪಾಠವೆಲ್ಲ ಆನ್‌ಲೈನ್. ಅವಳ ಕೋಣೆಯಲ್ಲಿ ಸಿಗ್ನಲ್ ಬರುತ್ತಿರಲಿಲ್ಲ. ಅದಕ್ಕೇ ಪಡಸಾಲೆಯ ನನ್ನ ಹೊಲಿಗೆ ಮೆಷಿನ್ನಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಬೆಳಗ್ಗೆ ಬೆಳಗ್ಗೆ ಶುರು ಮಾಡುತ್ತಿದ್ದಳು.

ಮೊದಮೊದಲು ಪಾಳುಬಾವಿಗೆ ಬಗ್ಗಿ ಮಾತಾಡಿದ ಹಾಗಿತ್ತು. "ಅರ್ಥ ಆಯ್ತಾ?" ಅನ್ನುವಳು. ಉತ್ತರವಿಲ್ಲ. "ಡೌಟ್ ಇದೆಯಾ?" ಅದಕ್ಕೂ ಇಲ್ಲ.

"ಯಾಕ್ ಅಮ್ಮಣಿ, ಆ ಕಡೆ ಯಾರಾರ ಅವರಾ?" ಅಂತ ಒಂದು ದಿನ ಕೇಳಿದೆ.

"ಇದ್ದಾರೆ ಅಜ್ಜಿ. ಮೈಕ್ ಆಫ್ ಮಾಡ್ಕೊಂಡಿದ್ದಾರೆ."

"ನಿದ್ದೆ ಆನ್ ಮಾಡ್ಕೊಂಡಿರ್ತಾರೆ."

ಆಮೇಲೆ ಕರುಮತ್ತಂಪಟ್ಟಿ ಊರಿನವಳೊಬ್ಬಳು ಪಾಠಕ್ಕೆ ಸೇರಿಕೊಂಡಳು. ನೇಯುವವರ ಮನೆಯ ಹೆಂಗಸು, ಮಕ್ಕಳ ತಾಯಿ, ಮನೆಮಾತು ಕನ್ನಡ. ಪವರ್‌ಲೂಮ್ ಶೆಡ್ಡಿನಲ್ಲಿ ನಿಂತೇ ಪಾಠ ಕೇಳುವಳು. ಅವಳು ಮೈಕ್ ಹಾಕಿದರೆ ನನ್ನ ಪಡಸಾಲೆಗೇ ಮಗ್ಗ ನುಗ್ಗಿದ ಹಾಗೆ ಲಟಲಟ ಸದ್ದು. ಆ ಸದ್ದಿನ ಮೇಲೆ ಕಿರುಚಿ ಕೇಳುವಳು.

"ಟೀಚರ್, ತಪ್ಪಾ ಎಣಿಸ್ಕೋಬ್ಯಾಡಿ! ಓಡೋ ಮಗ್ಗ ಸವೀತದೆ, ಸರಿ. ಓಡ್ದೆ ನಿಂತಿರೋ ಮಗ್ಗಕ್ಕೂ ಲೆಕ್ಕದಲ್ಲಿ ಸವಕಳಿ ಬರೀಬೇಕಾ?"

ಹುಡುಗಿ ಪುಸ್ತಕ ಮುಚ್ಚಿದಳು. "ಒಳ್ಳೇ ಪ್ರಶ್ನೆ ಅಕ್ಕ," ಅಂದು, ತನ್ನ ಹರಕು ತಮಿಳಿನಲ್ಲಿ ಎಲ್ಲರನ್ನೂ ಕೇಳಿದಳು: ನಿಮ್ಮ ನಿಮ್ಮ ಕಡೆ ಸುಮ್ಮನೆ ನಿಂತಿರುವ ಯಂತ್ರ ಯಾವುದಿದೆ ಹೇಳಿ. ತಿರುಪ್ಪೂರಿನ ಬನಿಯನ್ ಕಂಪನಿಯಿಂದ ಒಬ್ಬ ಬಾಯಿಬಿಟ್ಟ. ಉಡುಮಲೈಪೇಟೆಯಿಂದ ಒಬ್ಬಳು ತೆಂಗಿನಕಾಯಿ ಸುಲಿಯುವ ಮೆಷಿನ್ನಿನ ಕತೆ ತೆಗೆದಳು. ಸಂತೆಯ ಗದ್ದಲ. ಆವತ್ತಿನಿಂದ ದಿನಾ ಹಾಗೇ. ಕರುಮತ್ತಂಪಟ್ಟಿಯವಳು ಒಂದು ಕಡ್ಡಿ ಗೀರುವಳು, ಮಿಕ್ಕವರು ಹೊತ್ತಿಕೊಳ್ಳುವರು. ಹುಡುಗಿಯ ಮುಖಕ್ಕೂ ಕಳೆ ಬಂತು. ನಾನೂ ಅಡುಗೆಮನೆ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತ ಕೇಳುತ್ತಿದ್ದೆ. ಅರ್ಧ ತಿಳಿಯುತ್ತಿತ್ತು, ಅರ್ಧ ಇಲ್ಲ.

ಇಷ್ಟರಲ್ಲಿ ಯೂನಿವರ್ಸಿಟಿಯವರು ಒಂದು ಪ್ರಶಸ್ತಿ ಹೊರಡಿಸಿದರು, ಆನ್‌ಲೈನ್‌ನಲ್ಲಿ ಎಲ್ಲರಿಗಿಂತ ಚೆನ್ನಾಗಿ ಪಾಠ ಹೇಳುವವರಿಗೆ. ಗೆದ್ದರೆ ಹುಡುಗಿಯ ಕೆಲಸ ಕಾಯಂ ಆಗುತ್ತದೆಂದು ಅವಳ ವಿಭಾಗದ ದೊಡ್ಡ ಮೇಷ್ಟ್ರು ಹೇಳಿದ್ದರು. ಯೂನಿವರ್ಸಿಟಿಯ ದೊಡ್ಡವರು ಬಂದು ಒಂದು ಪಾಠ ನೋಡುವರಂತೆ, ಅವರೂ ಆನ್‌ಲೈನ್‌ನಲ್ಲೇ. ಅದಕ್ಕೆ ಮುಂಚೆ ಮೇಷ್ಟ್ರೇ ನನ್ನ ಮನೆ ನೋಡಲು ಬಂದರು. ಶೂ ಬಿಡದೆ ಒಳಗೆ ಬಂದು ಗೋಡೆ ನೋಡಿ ಮೂಗು ಮುರಿದರು. ಮಾರನೇ ದಿನ ಒಂದು ಪರದೆ ಕಳಿಸಿದರು. ಅದರ ಮೇಲೆ ಪುಸ್ತಕದ ಕಪಾಟಿನ ಚಿತ್ರ. ನನ್ನ ಮನೆಯಲ್ಲಿ ಇಲ್ಲದ ಪುಸ್ತಕ, ಅವಳು ಓದದ ಪುಸ್ತಕ.

"ಅಜ್ಜಿ, ಅವತ್ತು ಕುಕ್ಕರ್ ಕೂಗಬಾರದು," ಅಂದಿದ್ದರು ತಮಿಳಿನಲ್ಲಿ.

"ಕುಕ್ಕರಿಗೇ ಹೇಳಿ ಹೋಗಿ ಸಾರ್," ಅಂದಿದ್ದೆ.

ಆಮೇಲೆ ಹುಡುಗಿಯ ಕಡೆ ತಿರುಗಿದ್ದರು. "ಆ ಮಗ್ಗದ ಹೆಂಗಸು ಅವತ್ತು ಬೇಡ. ಸದ್ದು, ಕಿರುಚಾಟ. ಪಾಠ ನೀಟಾಗಿರಬೇಕು."

"ಸರ್, ಅವರಿಂದಲೇ ಕ್ಲಾಸ್ ನಡೆಯೋದು."

"ಕೆಲಸ ಬೇಕಾ ಬೇಡವಾ?"

ಪರದೆ ಕಟ್ಟುವಾಗ ನಾನು ಹುಡುಗಿಯನ್ನು ಕೇಳಿದೆ. "ಅಮ್ಮಣಿ, ಅವಳ್ನ ಹೊರಗಿಟ್ರೆ ಒಳಗೆ ಇನ್ನೇನ್ ಉಳೀತದೆ? ಆ ಪರದೆ."

"ನಿಮಗೆ ಗೊತ್ತಾಗಲ್ಲ ಅಜ್ಜಿ. ಒಂದೇ ದಿನ ತಾನೇ."

ಹೊಸ ಪಾಠ ಬೇಡ, ಹಳೆಯದನ್ನೇ ತೋರಿಸು ಅಂದರಂತೆ ಮೇಷ್ಟ್ರು. ಅದೇ ಸವಕಳಿ ಪಾಠ. ಯಾರು ಯಾವಾಗ ಏನು ಕೇಳಬೇಕು ಅನ್ನುವುದನ್ನೂ ಹಂಚಿದರು. ಹುಡುಗಿ ಸಂಜೆ ಹೊತ್ತು ಮಗ್ಗದವಳನ್ನು ಬಿಟ್ಟು ಮಿಕ್ಕವರನ್ನೆಲ್ಲ ಕೂರಿಸಿಕೊಂಡು ನಾಟಕದವರ ಹಾಗೆ ಅಭ್ಯಾಸ ಮಾಡಿಸಿದಳು. ಕೇಳಿ ಕೇಳಿ ನನಗೇ ಬಾಯಿಪಾಠವಾಯಿತು.

ಆ ದಿನ ಎಲ್ಲರೂ ಇಸ್ತ್ರಿ ಅಂಗಿ ಹಾಕಿಕೊಂಡು ಲ್ಯಾಪ್‌ಟಾಪಿನಲ್ಲಿ ಸಾಲಾಗಿ ಕೂತಿದ್ದರು. ಪಾಠಕ್ಕೆ ಬರುವವರು ಮೊದಲು ಹೊರಗೆ ಕಾಯಬೇಕು, ಟೀಚರ್ ಬಟನ್ ಒತ್ತಿದರೆ ಮಾತ್ರ ಒಳಗೆ. ಕರುಮತ್ತಂಪಟ್ಟಿಯವಳ ಹೆಸರು ಮೂಲೆಯಲ್ಲಿ ಬಂದು ನಿಂತಿತು. ಹುಡುಗಿ ನೋಡಿದಳು. ಅವಳ ಬೆರಳು ಅಲ್ಲಾಡಲಿಲ್ಲ. ಹೆಸರು ಹೋಯಿತು, ಮತ್ತೆ ಬಂತು. ಕರೆಂಟು ಹೋಯಿತೇನೋ, ಸಿಗ್ನಲ್ ಇಲ್ಲವೇನೋ ಅಂದುಕೊಂಡು ಆ ಕಡೆ ಅವಳು ಒತ್ತುತ್ತಲೇ ಇದ್ದಿರಬೇಕು. ಈ ಕಡೆ ಒಬ್ಬ ಹುಡುಗ ಗಂಟಲು ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ ಓದಿದ. ಓಡದೆ ನಿಂತ ಮಗ್ಗಕ್ಕೂ ಸವಕಳಿ ಉಂಟೇ ಅನ್ನುವ ಪ್ರಶ್ನೆ. ಅವನು ಮೊಬೈಲ್ ಅಂಗಡಿಯಲ್ಲಿ ದುಡಿಯುವವನು.

ನೋಡಿದ ದೊಡ್ಡವರು ತಲೆದೂಗಿದರು. ನಮ್ಮ ಸೀಮೆಯ ಕಸುಬನ್ನೇ ಪಾಠಕ್ಕೆ ತಂದಿದ್ದಾರೆ ಅಂತ ಆ ಪ್ರಶ್ನೆಯನ್ನೇ ಹೊಗಳಿದರಂತೆ. ನನಗೆ ಉಗಿಯಬೇಕೆನಿಸಿತು. ಎದ್ದು ಹಿತ್ತಲಿಗೆ ಹೋಗಿ ಉಗಿದೆ.

ಪ್ರಶಸ್ತಿ ಬಂತು. ಸ್ಟೇಜಿನ ಮೇಲೆ ಶಾಲು ಹೊದಿಸಿದರು, ಒಂದು ಗಾಜಿನ ಫಲಕ ಕೊಟ್ಟರು. ಮೇಷ್ಟ್ರಿಗೂ ಒಂದು ಶಾಲು. ಕೆಲಸವೂ ಕಾಯಂ ಆಯಿತು, ಸುಳ್ಳು ಹೇಳಬಾರದು. ಫಲಕವನ್ನು ಹುಡುಗಿ ನನ್ನ ಹೊಲಿಗೆ ಮೆಷಿನ್ನಿನ ಮೇಲೇ ಇಟ್ಟಳು.

ಮುಂದಿನ ಭಾನುವಾರ ಕರುಮತ್ತಂಪಟ್ಟಿಯವಳು ಎರಡು ಬಸ್ಸು ಹತ್ತಿ ಇಳಿದು ಮನೆ ಹುಡುಕಿಕೊಂಡು ಬಂದಳು. ಕೂದಲಲ್ಲಿ ಹತ್ತಿಯ ನಾರು ಹಾಗೇ ಇತ್ತು. ದನಿ ಕೇಳಿದ್ದೇ ಹುಡುಗಿ ಕೋಣೆಯಿಂದ ಪಿಸುಗುಟ್ಟಿದಳು, "ಅಜ್ಜಿ, ನಾನಿಲ್ಲ ಅನ್ನಿ."

"ಒಳಗೇ ಅವಳೆ, ಬಾ," ಅಂದೆ ನಾನು ಗಟ್ಟಿಯಾಗಿ.

ಬಂದವಳು ಕೂತು ನೀರು ಕುಡಿದಳು. ಹುಡುಗಿ ತಲೆ ತಗ್ಗಿಸಿಕೊಂಡು ಹೊರಬಂದಳು. "ಟೀಚರ್, ಆವತ್ತು ಬಾಗಿಲೇ ತಗೀಲಿಲ್ಲ. ನನ್ ಫೋನೇ ಕೆಟ್ಟೋಯ್ತೇನೋ ಅಂತ ರಿಪೇರಿಗೆ ಕೊಟ್ಟೆ. ಆ ಪಾಠ ಬಿಟ್ಟೋಗದೆ. ಹೇಳ್ಕೊಡಿ."

ಹುಡುಗಿ ಆ ಖಾಲಿ ಲೋಟ ಎತ್ತಿಕೊಳ್ಳುತ್ತ, "ಏನೂ ಬಿಟ್ಟುಹೋಗಿಲ್ಲ ಅಕ್ಕ. ಅವತ್ತು ಹೊಸ ಪಾಠ ಮಾಡಲಿಲ್ಲ," ಅಂದಳು.

"ಅಪ್ಪೊ ಏನ್ ಮಾಡಿದ್ರಿ?"

ಹುಡುಗಿ ನನ್ನ ಮುಖ ನೋಡಿದಳು. ನಾನೇಕೆ ಮುಚ್ಚಿಡಲಿ? "ನೀ ಕೇಳಿದ್ಯಲ್ಲ ಮಗ್ಗದ್ದು, ಅದನ್ನ ಒಬ್ಬ ಪಯ್ಯನ ಕೈಲಿ ಓದಿಸಿದ್ರು," ಅಂದೆ. "ಅದಕ್ಕೇ ಆ ಗಾಜು."

ಅವಳು ಫಲಕವನ್ನು ನೋಡಿದಳು, ಮುಟ್ಟಲಿಲ್ಲ. "ಸರಿಯಾಗಿ ಓದಿದ್ನಾ?" ಅಂದಳು.

ಹುಡುಗಿ ಅಳಲು ಶುರು ಮಾಡಿದಳು. ಅಳುವುದು ಸುಲಭ. ಬಂದವಳು ಸಮಾಧಾನವನ್ನೂ ಮಾಡಲಿಲ್ಲ, ಬೈಯಲೂ ಇಲ್ಲ. ಮಧ್ಯಾಹ್ನದ ಮೇಲೆ ಮಗ್ಗಕ್ಕೆ ನೂಲು ಬರುತ್ತದೆ ಅಂದು ಎದ್ದು ಹೋದಳು.

ಪಾಠಕ್ಕೆ ಈಗಲೂ ಬರುತ್ತಾಳೆ. ಹುಡುಗಿ ಎಲ್ಲರಿಗಿಂತ ಮೊದಲು ಅವಳನ್ನೇ ಒಳಗೆ ಬಿಡುತ್ತಾಳೆ. "ಅಕ್ಕ, ಡೌಟ್ ಇದೆಯಾ?" ಅಂತ ದಿನಾ ಕೇಳುತ್ತಾಳೆ. ಹೆಸರು ಮಾತ್ರ ಕಾಣುತ್ತದೆ, ಮೈಕ್ ಆಫ್. ಅವಳು ಬಾಯಿ ಮುಚ್ಚಿದ ಮೇಲೆ ಮಿಕ್ಕವರೂ ಮುಚ್ಚಿದರು. ಮೇಷ್ಟ್ರು ಕೇಳಿದ್ದ ಹಾಗೆ ನೀಟಾದ ಪಾಠ. ಪುಸ್ತಕದ ಪರದೆ ಇನ್ನೂ ನೇತಾಡುತ್ತಿದೆ, ಅದರ ಮೇಲೂ ಸಿಮೆಂಟ್ ಧೂಳು.

ಆ ಮೌನ ಕೇಳಲು ನನ್ನಿಂದಾಗುವುದಿಲ್ಲ. ಪಾಠ ಶುರುವಾದ ಕೂಡಲೇ ಬೇಳೆ ಹಾಕಿ ಕುಕ್ಕರ್ ಇಡುತ್ತೇನೆ. ಕೂಗಲಿ.