ನಾದಿನಿಯ ಕೆನ್ನೆ ಕರಗಿಸಿದ್ದು

ತನ್ನ ಮಗಳ ಧಾರೆಯ ದಿನ ಅಂದವಾಗಿ ಕಾಣಬೇಕೆಂದು ನನ್ನ ನಾದಿನಿ ಹುಣಸೂರಿನ ಪಾರ್ಲರೊಂದರಲ್ಲಿ ಕೆನ್ನೆ ತುಂಬಿಕೊಳ್ಳಲೆಂದು ಅದೇನೋ ಜೆಲ್ ಚುಚ್ಚಿಸಿಕೊಂಡು ಬಂದಳು. ಮದುವೆಗೆ ಇನ್ನೊಂದು ವಾರ ಎನ್ನುವಾಗ ಕೆನ್ನೆ ಎರಡೂ ಗಂಟುಗಟ್ಟಿ ಊದಿಕೊಂಡವು. ನಾನೇ ಅವಳನ್ನು ಪಾರ್ಲರಿಗೆ ಎಳೆದುಕೊಂಡು ಹೋಗಿ, "ಏನಮ್ಮಾ ಚುಚ್ಚಿದ್ದು?" ಎಂದು ಪಾರ್ಲರಿನವಳನ್ನು ಕೇಳಿದೆ.

"ಫಾರಿನ್ ಮಾಲು ಕಣಮ್ಮಾ. ಬಿಸಿ ರಾಗಿಹಿಟ್ಟು ಕಟ್ಟಿ ಚೆನ್ನಾಗಿ ನೀವಿ. ತುಪ್ಪ ಕರಗ್ದಂಗೆ ಕರಗೋಯ್ತದೆ, ಬುಡಿ."

ಕುರುವಿಗೆ ಕಟ್ಟುವ ಹಿಟ್ಟನ್ನು ಮುಖಕ್ಕೆ ಕಟ್ಟಿಕೊಳ್ಳಲು ನಾದಿನಿ ಆಗಲೇ ತಲೆಯಾಡಿಸುತ್ತಿದ್ದಳು!

"ಮೊದಲು ಆ ಔಷಧಿ ಡಬ್ಬಿ ಕೊಡು" ಎಂದು ಗದರಿಸಿ ಇಸಿದುಕೊಂಡು ಮೈಸೂರಿನ ಚರ್ಮದ ಡಾಕ್ಟರ ಬಳಿಗೆ ಹೋದೆವು. ಅವರು ಡಬ್ಬಿ ಓದಿ, "ಪುಣ್ಯಕ್ಕೆ ಇದು ಕರಗೋ ಜಾತಿ. ಎಲ್ಲಾ ಜೆಲ್ಲೂ ಕರಗಲ್ಲ. ಶಾಖ ಗೀಖ ಕೊಟ್ಟು ಉಜ್ಜಬೇಡಿ" ಎಂದರು. ಅಲರ್ಜಿ ಆಗುತ್ತದೆಯೇ ಎಂದು ಮೊದಲು ತೋಳಿಗೆ ಚುಚ್ಚಿ ನೋಡಿ, ಆಮೇಲೆ ಕೆನ್ನೆಗೆ ಕರಗಿಸುವ ಇಂಜೆಕ್ಷನ್ ಕೊಟ್ಟರು.

ಎರಡು ದಿನದಲ್ಲಿ ಗಂಟು ಇಳಿದು ಮುಖ ಮೊದಲಿನಂತಾಯಿತು. ಡಾಕ್ಟರಿಗೆ ಮತ್ತೊಮ್ಮೆ ತೋರಿಸಿ ವಾಪಸು ಬರುವಾಗ, ಬಿಳಿಕೆರೆ ದಾಟುತ್ತಿದ್ದಂತೆ ನಾದಿನಿ ಬಸ್ಸಿನ ಕಿಟಕಿ ಗಾಜಿನಲ್ಲಿ ಮುಖ ನೋಡಿಕೊಂಡು, "ಅತ್ತಿಗೆ, ಒಂಚೂರು ಉಳಿಸಿದ್ರೆ ಚೆನ್ನಾಗಿತ್ತಲ್ವಾ?" ಅಂದಳು.

ನಾನು ಎದ್ದು ಹೋಗಿ ಹಿಂದಿನ ಸೀಟಿನಲ್ಲಿ ಕೂತೆ.