ವಲ್ಲಿಯೊಳಗಿನ ಟೆಲಿಫೋನು

ಟೆಲಿಫೋನಿನಲ್ಲಿ ಮಾತಾಡುವಾಗ ನಾನು ಹೆಗಲ ಮೇಲಿನ ವಲ್ಲಿಯನ್ನು ತಲೆತುಂಬ ಹೊದ್ದುಕೊಳ್ಳುತ್ತೇನೆ. ನೋಡಿದವರು ನನಗೆ ಜ್ವರ ಬಂದಿರಬೇಕೆಂದುಕೊಳ್ಳುತ್ತಾರೆ, ಇಲ್ಲವೆ ಯಾರದೋ ಸಾವಿನ ಸುದ್ದಿ ಬಂದಿರಬೇಕೆಂದು ಮೆಲ್ಲಗೆ ಹೊರಗೆ ಸರಿಯುತ್ತಾರೆ. ಎರಡೂ ಅಲ್ಲ. ಅದು ನನ್ನ ದನಿಗೆ ಹಾಕಿದ ಮೂಗುದಾರ.

ನಮ್ಮ ಕೊಪ್ಪಳದ ಪೇಟೆಯಲ್ಲಿ ವ್ಯಾಪಾರ ನಡೆಯುವುದು ಬಾಯಿಂದಲ್ಲ, ಬೆರಳಿಂದ. ಕೊಳ್ಳುವವನೂ ಮಾರುವವನೂ ಒಂದು ವಲ್ಲಿಯ ಕೆಳಗೆ ಕೈಹಾಕಿ, ಬೆರಳು ಹಿಡಿದು ದರ ಹೇಳಿಕೊಳ್ಳುತ್ತಾರೆ. ನೋಡುವವರಿಗೆ ಏನೂ ತಿಳಿಯಬಾರದು. ರೈತರ ಮಾಲು ಮಾರಿಸಿಕೊಡುವ ನಮ್ಮ ಅಡತಿ ಅಂಗಡಿಯ ವೀರಪ್ಪ ಸಾವ್ಕಾರರು ಇದರಲ್ಲಿ ಪಳಗಿದವರು. ವಲ್ಲಿಯ ಕೆಳಗೆ ಎದುರಿನವನ ಬೆರಳು ಮುರಿಯುವಷ್ಟು ಜಗ್ಗಾಟ ನಡೆದಿದ್ದರೂ ಮೇಲೆ ಮಾತ್ರ ಮಳೆಬೆಳೆಯ ಮಾತಾಡುತ್ತಿದ್ದರು. ಅಂಥವರ ಅಂಗಡಿಗೆ ಟೆಲಿಫೋನು ಬಂತು. ಅದರಲ್ಲಿ ಬೆರಳಿಗೆ ಕೆಲಸವೇ ಇಲ್ಲ. ಸಾವ್ಕಾರರು ಒಂದು ಸಲ ಕಿವಿಗೆ ಹಿಡಿದರು, ಬೆವೆತರು, ಕೆಳಗಿಟ್ಟರು.

"ಸಂಗಪ್ಪಾ, ನಿನಗ ಗಂಟಲ ಐತಿ. ಇದು ನಿನ್ನ ಪಾಲಿಗಿರಲಿ."

ಗಂಟಲು ಇತ್ತು, ಸುಳ್ಳೇಕೆ ಹೇಳಲಿ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಮಾಸ್ತರರು ಬಿಡಿಸಲಿಲ್ಲ, ನಾನೇ ಬಿಟ್ಟೆ. ನಿಜಾಮರ ಸೀಮೆಯ ನಮ್ಮ ಶಾಲೆಯಲ್ಲಿ ಉರ್ದುವಿನಲ್ಲಿ ಲೆಕ್ಕ ಕಲಿಯುವುದಕ್ಕಿಂತ ಕನ್ನಡದಲ್ಲಿ ತೂಗುವುದು ಲೇಸೆನಿಸಿ ತಕ್ಕಡಿ ಹಿಡಿದೆ. ತೂಗುವವನು 'ಒಂದು' ಎನ್ನುವುದಿಲ್ಲ; 'ಲಾಭ' ಎಂದೇ ಎಣಿಕೆ ಶುರು. 'ಲಾಭಾ... ಎರಡಾ...' ಎಂದು ನಾನು ಎಳೆದರೆ ರೈಲಿಗೆ ಕಾಯುವ ಮಂದಿ ಸ್ಟೇಷನ್ನಿನಲ್ಲಿ ತಿರುಗಿ ನೋಡುತ್ತಿದ್ದರು. ಬೆವರು ಸುರಿಸಿ ಗಳಿಸಿದ ದನಿ ಅದು.

ಅದನ್ನೇ ಟೆಲಿಫೋನಿಗೂ ಕೊಟ್ಟೆ. ಗದಗು ಇಂಗ್ರೇಜರ ಸೀಮೆ. ನಮ್ಮ ಹತ್ತಿ ಅಲ್ಲಿಗೆ ಹೋಗಬೇಕಾದರೆ ಗಡಿಯ ಕರೋಡಗಿರಿ ನಾಕೆಯಲ್ಲಿ ನಿಂತು ಸುಂಕ ಕಟ್ಟಬೇಕು. ದನಿಗೆ ಸುಂಕವಿಲ್ಲವಲ್ಲ! ಆ ಖುಷಿಯಲ್ಲಿ ದನಿಯನ್ನೇ ಗಾಡಿಗಟ್ಟಲೆ ಸಾಗಿಸಿದೆ. ನಮ್ಮ ಹತ್ತಿಯ ಹಳೆಯ ಗಿರಾಕಿ, ಗದಗಿನ ನೀಲಕಂಠಪ್ಪನವರು, ಕೆಲವು ದಿನ ತಾಳಿಕೊಂಡರು. ಆಮೇಲೆ ಈ ಕಡೆ ಬರುವವರೊಬ್ಬರ ಸಂಗಡ ಹೇಳಿ ಕಳಿಸಿದರು: "ನಿಮ್ಮ ಹತ್ತಿ ಛಲೋ ಐತಿ, ನಿಮ್ಮ ಮಂದೀ ಬಾಯಿ ಛಲೋ ಇಲ್ಲ. ಬೈಸಿಕೊಂಡು ಹತ್ತಿ ತೊಗೊಳ್ಳೂದು ನನಗ ಬ್ಯಾಡ."

ನಾನು ಬೈದಿರಲೇ ಇಲ್ಲ. 'ಹತ್ತಿ ಮುಟ್ಟಿತೇನ್ರಿ?' ಎಂದು ಕೇಳಿದ್ದೆ, ಅಷ್ಟೆ. ಆದರೆ ಒಂದು ಮಾತು ಆಗ ನನಗೆ ಹೊಳೆಯಬೇಕಿತ್ತು. ನಮ್ಮ ಎತ್ತುಗಳಿಗೆ ಕನ್ನಡ ಬರುವುದಿಲ್ಲ, ದನಿ ಬರುತ್ತದೆ. ಮೆಲ್ಲನೆಯ ದನಿಯಲ್ಲಿ ಎಂಥ ಬೈಗುಳ ಬೈದರೂ ಕಿವಿಯಾಡಿಸುತ್ತ ನಡೆಯುತ್ತವೆ. 'ನನ್ನಪ್ಪಾ, ನನ್ನ ಬಂಗಾರಾ' ಎಂದು ಒದರಿ ನೋಡಿ, ನೊಗ ಕಳಚಿಕೊಂಡು ಓಡುತ್ತವೆ. ಕಣ್ಣಿಗೆ ಕಾಣದ ಮನುಷ್ಯನೂ ಅಷ್ಟೇ. ಮುಖ ಕಂಡಿದ್ದರೆ ನನ್ನ ನಗು ಅವರಿಗೆ ಕಾಣುತ್ತಿತ್ತು. ತಂತಿಯೊಳಗೆ ಹೋಗಿದ್ದು ಬರೀ ಗದ್ದಲ.

ಸುದ್ದಿ ಬಂದ ದಿನವೇ ಇರಕಲ್ಲಗಡದ ರೈತರು ನೀಲಕಂಠಪ್ಪನವರಿಗೆಂದೇ ತಂದ ಹತ್ತಿಯ ಗಾಡಿಗಳು ಅಂಗಡಿಯ ಮುಂದೆ ನಿಂತಿದ್ದವು. ಎತ್ತು ಬಿಚ್ಚಿಯಾಗಿತ್ತು.

"ನೀನ ಕೆಡಿಸಿದ್ದು, ನೀನ ಕಟ್ಟು," ಎಂದರು ಸಾವ್ಕಾರರು. "ಆಗೂದಿಲ್ಲಂದ್ರ ನಾಳಿಂದ ಹೊಳ್ಳಿ ತಕ್ಕಡಿ ಹಿಡಿ."

ರೈತರಲ್ಲಿ ಹಿರಿಯರಾದ ಹನುಮಗೌಡರು ನನ್ನ ಮೊಣಕೈ ಹಿಡಿದುಕೊಂಡರು. "ಏ ತಮ್ಮಾ, ಬೈಯೂದು ತಡಿಯಾಕ ಆಗಲಿಲ್ಲಂದ್ರ ನಮ್ಮನ್ನ ಬೈಕೋ. ಅವರನ್ನ ಬಿಡೋ ಮಾರಾಯಾ. ಹತ್ತಿ ಹೊಳ್ಳಿ ಒಯ್ದ್ರ ನಮ್ಮಾಕಿ ನನ್ನನ್ನ ದನದ ಹಟ್ಟಿಯಾಗ ಕಟ್ತಾಳ."

ಗದಗಿಗೆ ಟ್ರಂಕ್ ಕಾಲು ಸಿಕ್ಕಿತು. ರೈತರೆಲ್ಲ ಟೆಲಿಫೋನಿನ ಸುತ್ತ ಮುತ್ತಿದರು. ದರದ ಮಾತು, ಹತ್ತು ಮಂದಿಯ ಮುಂದೆ! ಪೇಟೆಯಲ್ಲಿ ಬೆಳೆದ ಕೈ ತನ್ನಷ್ಟಕ್ಕೆ ತಾನೇ ವಲ್ಲಿಯನ್ನು ಎಳೆದು ನನ್ನ ತಲೆ, ಟೆಲಿಫೋನು ಎರಡನ್ನೂ ಮುಚ್ಚಿತು. ಬೆರಳಿನ ಗುಟ್ಟು ಮುಚ್ಚುವ ಬಟ್ಟೆ ಬಾಯಿಯ ಗುಟ್ಟು ಮುಚ್ಚುತ್ತದೆಯೇ? ಅದು ತಲೆಗೆ ಬರಲಿಲ್ಲ. ಒಳಗೆ ಕತ್ತಲು, ಹತ್ತಿಯ ಧೂಳಿನ ವಾಸನೆ, ನನ್ನದೇ ಬಿಸಿಯುಸಿರು. ಕಂಬಳಿಯೊಳಗೆ ಯಾರೂ ಒದರುವುದಿಲ್ಲ ನೋಡಿ. ಪಕ್ಕದಲ್ಲಿ ಮಲಗಿದವನಿಗೆ ಹೇಳುವಂತೆ ನನ್ನ ದನಿ ತಾನಾಗಿಯೇ ಇಳಿಯಿತು.

"ಶರಣ್ರಿ. ನಾನ್ರಿ, ಕೊಪ್ಪಳದ ಸಂಗಪ್ಪ."

ನೀಲಕಂಠಪ್ಪನವರಿಗೆ ನನ್ನ ದನಿಯ ಗುರುತೇ ಹತ್ತಲಿಲ್ಲ. "ಸಂಗಪ್ಪ? ಯಾಕೋ ತಮ್ಮಾ, ಆರಾಮಿಲ್ಲೇನು? ಮನಿಯಾಗ ಎಲ್ಲಾರೂ ಛಲೋ ಅದಾರಿಲ್ಲೋ?"

"ಎಲ್ಲಾರೂ ಆರಾಮ ಅದೀವ್ರಿ. ನಿಮ್ಮ ಕಡೆ?"

"ನಮ್ಮವ್ವ ಹಾಸಿಗಿ ಹಿಡದಾಳಪ್ಪಾ. ಫೋನು ಇರೂದು ಮನಿಯಾಗ. ನೀ ಒದರಿದಾಗೊಮ್ಮೆ ಆಕಿ ಎದ್ದು ಕುಂತು, 'ಯಾರ ಕೂಡ ಜಗಳಾ ತಗದಿಯೋ, ಹೋಗಿ ಕೈ ಮುಗಿ' ಅಂತಿದ್ಲು. ಇವತ್ತ ಆರಾಮ ಮಲಗ್ಯಾಳ ನೋಡು."

"ತಪ್ಪಾತ್ರಿ. ನನ್ನ ದನೀನ ಹಂಗ್ರಿ, ಮನಸು ಹಂಗಿಲ್ಲ."

"ಈಗ ಕೇಳಸ್ತು ಬಿಡು," ಎಂದರು ಅವರು. ಆಮೇಲೆ ದರದ ಮಾತು ಎತ್ತಿದ್ದು ಅವರೇ.

ವಲ್ಲಿ ಸರಿಸಿ ಹೊರಬಂದಾಗ ಬೆವರಿನಿಂದ ತೊಯ್ದಿದ್ದೆ. ಹನುಮಗೌಡರು ನನ್ನ ಮುಖವನ್ನೇ ನೋಡುತ್ತಿದ್ದರು. ಒಳಗಿನ ಮಾತು ಅವರಿಗೆ ಒಂದೂ ಕೇಳಿಸಿರಲಿಲ್ಲ. ನಾನು ತಕ್ಕಡಿಯ ಕಡೆಗೆ ತಿರುಗಿ 'ಲಾಭಾ...' ಎಂದು ಎಳೆದೆ. ಗಾಡಿಯ ಹಗ್ಗ ಬಿಚ್ಚಲು ಅವರಿಗೆ ಅಷ್ಟೇ ಸಾಕಾಯಿತು. ಮರುದಿನ ಸಾವ್ಕಾರರು ಟೆಲಿಫೋನಿನ ಪಕ್ಕಕ್ಕೆ ಒಂದು ಮೊಳೆ ಹೊಡೆಸಿ ಹೊಸ ವಲ್ಲಿ ತೂಗುಹಾಕಿಸಿದರು.

ಈ ಪ್ರತಾಪವನ್ನು ಮನೆಯಲ್ಲಿ ಹೇಳಿಕೊಂಡೆ, ಸಹಜವಾಗಿಯೇ ತುಸು ದೊಡ್ಡ ದನಿಯಲ್ಲಿ. ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಗದಗಿನ ಮುದುಕಿ ನಿದ್ದಿ ಕೆಡಬಾರದು, ಖರೆ. ನಮ್ಮ ಕಿವಿ ಏನು ಕಲ್ಲಿನ್ವೇನ್ರಿ? ಮನಿಯಾಗೂ ಒಂದೀಟು ಆ ವಲ್ಲಿ ಹೊಚ್ಚಿಕೊಳ್ರಿ."

ಹಟಕ್ಕೆ ಬಿದ್ದು ಅಲ್ಲೇ ತಲೆತುಂಬ ವಲ್ಲಿ ಎಳೆದುಕೊಂಡೆ. "ಒಂದು ರೊಟ್ಟಿ ಕೊಡ್ತೀಯೇನು?" ಎಂದೆ. ಚೇಷ್ಟೆಗೆ ಹೊರಟ ಮಾತು ಬಟ್ಟೆಯೊಳಗೆ ಅದೇಕೋ ಖರೆಯಾಗಿಬಿಟ್ಟಿತು. ಅವಳು ನಗಲಿಲ್ಲ. ರೊಟ್ಟಿ ಬಂತು. ಅದರ ಮೇಲೆ, ನಾನು ಕೇಳದ ಬೆಣ್ಣೆಯೂ ಇತ್ತು.

'ಲಾಭ,' ಎಂದು ಎಣಿಸಿಕೊಂಡೆ, ವಲ್ಲಿಯೊಳಗೇ.