ತುಂಬಿಸಿಟ್ಟು ಬಂದ ಟ್ಯಾಂಕು

ಮೊನ್ನೆ ಊರಿನ ರಜೆ ಮುಗಿಸಿ ಬಂದು ಗಲ್ಫಿನ ಅಲ್ ಮಬೇಲಾದ ನಮ್ಮ ಫ್ಲಾಟಿನ ಬೀಗ ತೆಗೆದವನೇ, ಹೆಗಲ ಚೀಲವನ್ನೂ ಇಳಿಸದೆ ಅಡುಗೆಮನೆಯ ನಲ್ಲಿ ತಿರುಗಿಸಿದೆ. ಎರಡು ಸಲ ಬುಸ್ಸೆಂದು ಗಾಳಿ ಬಂತು. ಆಮೇಲೆ ನೀರು, ನೀರಿನ ಜೊತೆಗೆ ವಾಸನೆ. ಕೊಳೆತ ಮೊಟ್ಟೆಯ ವಾಸನೆ ಎನ್ನಬಹುದು. ಒಂದು ತಿಂಗಳು ಪೈಪಿನಲ್ಲಿ ಬಿಸಿಲಿಗೆ ಬೆಂದು ನಿಂತ ನೀರು, ಇನ್ನೇನಾದೀತು? ಹೆಂಡತಿ ಸೆರಗು ಮೂಗಿಗೆ ಹಿಡಿದು ನನ್ನ ಮುಖವನ್ನೇ ನೋಡುತ್ತಾ ನಿಂತಳು. ಮಾಮೂಲಾಗಿ ಇಂಥ ಹೊತ್ತಿನಲ್ಲಿ ನಾನು ಮೇಲಿನ ಮನೆಯವರನ್ನೋ, ಕಟ್ಟಡದ ವಾಚ್‌ಮನ್ನನ್ನೋ ಹಿಡಿದು ಶುರು ಮಾಡಬೇಕು. ಆದರೆ ನಾನು ಕಿಟಕಿ ತೆಗೆದು, ನೀರನ್ನು ಹರಿಯಲು ಬಿಟ್ಟೆ. "ಏನು, ಈ ಸಲ ಯಾರ ಮೇಲೂ ಅನುಮಾನ ಇಲ್ಲವಾ?" ಎಂದಳು.

ಇಲ್ಲ. ಯಾಕೆ ಇಲ್ಲ ಎಂದು ನಿಮಗೆ ಹೇಳಬೇಕಾದರೆ ಒಂದು ಕ್ಯಾರವಾನಿನ ಕಥೆಯನ್ನೇ ಹೇಳಬೇಕು. ನನಗೇನೂ ಮರ್ಯಾದೆ ತರುವ ಕಥೆಯಲ್ಲ, ಮೊದಲೇ ಹೇಳಿಬಿಡುತ್ತೇನೆ.

ನನ್ನದು ಸ್ಟೋರ್ ಕೀಪರ್ ಕೆಲಸ. ಕಟ್ಟಡ ಸಾಮಾನಿನ ಗೋಡೌನು. ಹದಿನೆಂಟು ವರ್ಷ ಬೀಗದ ಕೈಗಳ ಗೊಂಚಲು ಸೊಂಟಕ್ಕೆ ಕಟ್ಟಿಕೊಂಡು ಓಡಾಡಿದವನಿಗೆ ಕಣ್ಣು ಒಂದು ತರಹ ಆಗಿಬಿಡುತ್ತದೆ. ಯಾರಾದರೂ ಬೇಗ ಬಂದರೆ ಯಾಕೆ ಬೇಗ ಬಂದ ಎಂದು ಅನುಮಾನ, ತಡವಾದರೆ ಎಲ್ಲಿದ್ದ ಎಂದು ಅನುಮಾನ. ಮನೆಯಲ್ಲೂ ಅಷ್ಟೇ. ಫ್ರಿಜ್ಜಿನಲ್ಲಿ ಹಾಲಿನ ಪ್ಯಾಕೆಟ್ಟು ಜಾಗ ಬದಲಿಸಿದರೂ ನನಗೆ ಗೊತ್ತಾಗುತ್ತದೆ. ಪಕ್ಕದ ಸೀಬ್ ಪಟ್ಟಣದ ಶಾಲೆಗೆ ಹೋಗುವ ಮಗಳು ನನಗೆ ಇಟ್ಟ ಹೆಸರು 'ಸಿಸಿಟಿವಿ'. ನಾನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ.

ನಮ್ಮ ಅರ್ಬಾಬ್, ಅಂದರೆ ಕಂಪನಿಯ ಧಣಿ, ಒಳ್ಳೆಯ ಮನುಷ್ಯ. ಅವರಿಗೆ ಒಳನಾಡಿನ ಇಬ್ರಾ ಎಂಬ ಊರಿನಲ್ಲಿ ಗೋಡೆ ಕಟ್ಟಿದ ಒಂದು ದೊಡ್ಡ ಅಂಗಳ ಉಂಟು, ಅದರೊಳಗೆ ಅಡುಗೆ, ಬಚ್ಚಲು ಎಲ್ಲ ಇರುವ, ಕಾರಿನ ಹಿಂದೆ ಕಟ್ಟಿ ಎಳೆಯುವಂಥ ಒಂದು ಕ್ಯಾರವಾನು. ಚಳಿಗಾಲದಲ್ಲಿ ಅವರು ಮನೆಮಂದಿಯನ್ನೆಲ್ಲ ಕರೆದುಕೊಂಡು ಮರಳಿನ ಕಡೆ ಹೋಗುವುದು ಅದರಲ್ಲೇ. ಉಳಿದ ತಿಂಗಳು ಅದು ಹೊದಿಕೆ ಹೊದ್ದು ಬಿಸಿಲಿನಲ್ಲಿ ನಿಂತಿರುತ್ತದೆ. ಅದರ ಟಯರು, ಬ್ಯಾಟರಿ, ನೀರು ಎಲ್ಲ ನೋಡಿಕೊಳ್ಳುವ ಕೆಲಸ ನನ್ನ ತಲೆಗೆ ಬಂದಿತ್ತು. ಎರಡು ಮೂರು ತಿಂಗಳಿಗೊಮ್ಮೆ ಒಂದು ಶುಕ್ರವಾರ ಹೋಗಿ ಬರಬೇಕು.

ನೀರಿನ ವಿಷಯದಲ್ಲಿ ನನಗೆ ನನ್ನದೇ ಒಂದು ಶಿಸ್ತು. ಹೊರಡುವ ಮುಂಚೆ ಟ್ಯಾಂಕನ್ನು ಕಂಠಮಟ್ಟ ತುಂಬಿಸುವುದು, ಎಲ್ಲ ನಲ್ಲಿ ಬಿಗಿಯಾಗಿ ಮುಚ್ಚುವುದು, ಬೀಗ ಹಾಕುವುದು. ಇದನ್ನು ನನಗೆ ಯಾರೂ ಹೇಳಿಕೊಟ್ಟದ್ದಲ್ಲ, ಅಮ್ಮನಿಂದ ಬಂದದ್ದು. ನಮ್ಮ ಕಡೆ ನಾಲ್ಕು ದಿನ ಮನೆ ಬಿಟ್ಟು ಹೋಗುವುದಾದರೆ ಹಂಡೆ, ಕೊಡ, ಬಚ್ಚಲಿನ ತಂಬಿಗೆ ಕೂಡ ತುಂಬಿಸಿಯೇ ಹೊರಡಬೇಕು. ಖಾಲಿ ಪಾತ್ರೆ ಬಿಟ್ಟು ಹೊರಟರೆ ಅಮ್ಮ ಬಸ್ಸು ತಪ್ಪಿದರೂ ಚಿಂತಿಲ್ಲ ಎಂದು ತಿರುಗಿ ಬಂದು ತುಂಬಿಸುತ್ತಿದ್ದರು. ಹೋದವರು ಬಂದು ಕಾಲು ತೊಳೆಯಲಿಕ್ಕೆ ನೀರು ಕಾದಿರಬೇಕಂತೆ. ಇಪ್ಪತ್ತು ವರ್ಷ ಗಲ್ಫಿನಲ್ಲಿದ್ದರೂ ಅದು ನನ್ನ ಕೈಯಿಂದ ಹೋಗಿರಲಿಲ್ಲ. ಊರಿಗೆ ಹೋಗುವಾಗ ಫ್ಲಾಟಿನ ಬಕೆಟುಗಳನ್ನೂ ತುಂಬಿಸಿಯೇ ವಿಮಾನ ಹತ್ತುತ್ತಿದ್ದೆ.

ಈಗ ತಮಾಷೆ ಕೇಳಿ. ನಾನು ತುಂಬಿಸಿಟ್ಟು ಬಂದ ಆ ಟ್ಯಾಂಕು, ಮುಂದಿನ ಸಲ ಹೋಗಿ ನೋಡಿದರೆ ಖಾಲಿ. ಒಂದು ಸಲ ಅಲ್ಲ, ಪ್ರತಿ ಸಲ. ನಾನು ಬಿಗಿದು ಮುಚ್ಚಿದ ನಲ್ಲಿಗಳೆಲ್ಲ ಬಾಯಿ ತೆರೆದುಕೊಂಡಿರುತ್ತಿದ್ದವು. ಸೋರಿಕೆ ಇರಬಹುದೆಂದು ಕೆಳಗೆ ಮಲಗಿ ಟಾರ್ಚು ಹಾಕಿ ನೋಡಿದೆ. ಎಲ್ಲಿಯೂ ಒಂದು ಹನಿ ಇಲ್ಲ. ಆದರೆ ಕ್ಯಾರವಾನಿನ ಹಿಂದೆ ಇದ್ದ ನಿಂಬೆಗಿಡ ಮಾತ್ರ ಆ ಬಿಸಿಲಿನಲ್ಲೂ ಹಚ್ಚಗೆ ನಿಂತಿತ್ತು. ಇನ್ನೂ ಒಂದು ವಿಷಯ. ಚಳಿಗಾಲದಲ್ಲಿ ಅರ್ಬಾಬ್ ಹೋದಾಗ ಟ್ಯಾಂಕು ತುಂಬಿರುತ್ತಿತ್ತು, ನೀರು ತಿಳಿಯಾಗಿರುತ್ತಿತ್ತು. ಬಂದು ನನ್ನ ಬೆನ್ನು ತಟ್ಟಿ ಶಾಬಾಸ್ ಅನ್ನುತ್ತಿದ್ದರು, ನಾನು ಹಲ್ಲು ಕಿಸಿದು ತೆಗೆದುಕೊಳ್ಳುತ್ತಿದ್ದೆ. ಧಣಿ ಬರುವಾಗ ತುಂಬಿಸಿಡುವವನು, ನಾನು ಹೋಗುವಾಗ ಯಾಕೆ ಖಾಲಿ ಇಡುತ್ತಾನೆ? ಯಾರಿಗೆ ಹೆದರಬೇಕೆಂದು ಕಳ್ಳನಿಗೆ ಚೆನ್ನಾಗಿ ಗೊತ್ತಿದೆ ಎಂದು ಲೆಕ್ಕ ಹಾಕಿದೆ.

ಕಳ್ಳ ಯಾರು ಎಂದು ಹುಡುಕಲಿಕ್ಕೆ ದೂರ ಹೋಗಬೇಕಾಗಿರಲಿಲ್ಲ. ಕ್ಯಾರವಾನಿಗೆ ಎರಡೇ ಕೀ. ಒಂದು ನನ್ನಲ್ಲಿ, ಇನ್ನೊಂದು, ಹತ್ತಿರದವರ ಕೈಯಲ್ಲಿರಲಿ ಎಂದು ಅರ್ಬಾಬ್ ಕೊಟ್ಟದ್ದು, ಉಮರಬ್ಬ ಕಾಕನಲ್ಲಿ. ಕಾಕ ನಮ್ಮ ದಕ್ಷಿಣ ಕನ್ನಡದವರೇ, ಬ್ಯಾರಿಗಳು. ಅರವತ್ತು ದಾಟಿದವರು. ಅದೇ ಅಂಗಳದ ರಸ್ತೆ ಬದಿಯ ಕೋಣೆಯಲ್ಲಿ ಅವರ ದಿನಸಿ ಅಂಗಡಿ. ಕೋಣೆ ಅರ್ಬಾಬರದ್ದು. ಹೋದಾಗಲೆಲ್ಲ ಕೂರಿಸಿ ಹಾಲು ಹಾಕದ ಸುಲೈಮಾನಿ ಚಹಾ ಕೊಡುತ್ತಿದ್ದರು, ಊರಿನ ಸುದ್ದಿ ಕೇಳುತ್ತಿದ್ದರು. ನಾನು ಚಹಾ ಕುಡಿಯುತ್ತಾ ಅವರ ಅಂಗಿಯ ತೋಳು ಒದ್ದೆ ಇದೆಯೋ ಎಂದು ನೋಡುತ್ತಿದ್ದೆ. ಯಾರನ್ನೋ ಒಳಗೆ ಬಿಟ್ಟು ಸ್ನಾನ ಮಾಡಿಸುತ್ತಾರೆ ಎಂದು ಒಂದು ಸಲ ಅನಿಸಿತು, ನಮಾಜಿಗೆ ಕೈಕಾಲು ತೊಳೆಯುವುದು ಇಲ್ಲೇ ಎಂದು ಇನ್ನೊಂದು ಸಲ. ಟ್ಯಾಂಕಿನ ಮೇಲೆ ಮಾರ್ಕರಿನಿಂದ ಗೆರೆ ಎಳೆದೆ. ಬಾಗಿಲಿನ ಸಂದಿಗೆ ಹೆಂಡತಿಯ ಹೊಲಿಗೆ ಡಬ್ಬಿಯ ಕೆಂಪು ನೂಲು ಕಟ್ಟಿದೆ. ಹೇಳದೆ ಕೇಳದೆ ಹೋಗಿ ಹಿಡಿಯಬೇಕೆಂದು ಒಂದು ಸಲ ಮಂಗಳವಾರ ಹೋದೆ, ಒಂದು ಸಲ ಮಧ್ಯಾಹ್ನದ ಉರಿಬಿಸಿಲಿಗೆ ಹೋದೆ. ನೂಲು ತುಂಡಾಗಿತ್ತು, ಟ್ಯಾಂಕು ಖಾಲಿ, ಕಾಕ ಚಹಾ ಹಿಡಿದುಕೊಂಡು ನಗುತ್ತಾ ಬಂದರು.

ಮನೆಯಲ್ಲಿ ನಾನು ಇದನ್ನೆಲ್ಲ ವಿವರಿಸುವಾಗ ಮಗಳು ಮೊಬೈಲಿನಿಂದ ತಲೆ ಎತ್ತದೆ, "ಪಪ್ಪಾ, ಜಸ್ಟ್ ಆಸ್ಕ್ ಹಿಮ್" ಎಂದಳು. ನಿನಗೆ ಲೋಕ ಗೊತ್ತಿಲ್ಲ ಎಂದೆ. ಕೇಳಿದರೆ ಕಳ್ಳ ಎಚ್ಚರಾಗುತ್ತಾನೆ. ಅನುಮಾನದವನಿಗೆ ಕೇಳುವ ಧೈರ್ಯ ಇರುವುದಿಲ್ಲ ಎಂಬುದು ನನಗೆ ಗೊತ್ತಾದದ್ದು ತಡವಾಗಿ.

ಕೊನೆಗೆ ಒಂದು ದಿನ ಅರ್ಬಾಬರ ಹತ್ತಿರ ಹೋಗಿ ಹೇಳಿಯೇಬಿಟ್ಟೆ. ಕ್ಯಾರವಾನನ್ನು ಕಾಕ ಉಪಯೋಗಿಸುತ್ತಿದ್ದಾರೆ, ಮೊಬೈಲಿನಲ್ಲಿ ಫೋಟೋ ಇದೆ ಎಂದೆ. ಆ ವಾರವೇ ಕಾಕನಿಂದ ಕೀ ತರಿಸಿ ನನಗೆ ಕೊಟ್ಟರು. ವಿಶ್ವಾಸ ಇಲ್ಲದವನಿಗೆ ಮುಂದಿನ ವರ್ಷ ಅಂಗಡಿಯ ಕೋಣೆಯನ್ನೂ ಕೊಡುವುದು ಬೇಡ ಎಂದರು. ಆ ಪ್ರಾಯದಲ್ಲಿ ಅಂಗಡಿ ಹೋದರೆ ಕಾಕ ಎಲ್ಲಿಗೆ ಹೋದಾರು? ಆದರೆ ಹೇಳಿದ ಮಾತನ್ನು ನುಂಗುವುದು ಹೇಗೆ? ಸುಮ್ಮನಾದೆ.

ಆ ಬೇಸಿಗೆಯಲ್ಲಿ ಟ್ಯಾಂಕನ್ನು ತುಂಬಿಸಿ, ಎರಡೂ ಕೀ ಜೇಬಿಗೆ ಹಾಕಿಕೊಂಡು ಬಂದೆ. ಗೆದ್ದವನ ಹಾಗೆ ನಾಲ್ಕು ತಿಂಗಳು ಆ ಕಡೆ ತಲೆ ಹಾಕಲಿಲ್ಲ.

ಚಳಿಗಾಲ ಶುರುವಾಗುತ್ತಿದ್ದಂತೆ ಅರ್ಬಾಬ್ ತಾಯಿಯನ್ನು ಕರೆದುಕೊಂಡು ನಾಳೆ ಹೋಗುತ್ತೇವೆ, ಸಿದ್ಧ ಮಾಡು ಎಂದರು. ನಾನು ಒಂದು ದಿನ ಮೊದಲೇ ಹೋದೆ. ಟ್ಯಾಂಕು ತುಂಬಿತ್ತು, ಗೆರೆಯಿಂದ ಒಂದು ಬೆರಳೂ ಇಳಿದಿರಲಿಲ್ಲ. ಸಂತೋಷದಿಂದ ಪಂಪ್ ಹಾಕಿ ನಲ್ಲಿ ತಿರುಗಿಸಿದೆ. ಬಂದದ್ದು ಚಹಾದ ಬಣ್ಣದ ನೀರು, ಅದರಲ್ಲಿ ಲೋಳೆ ಲೋಳೆ ಎಳೆಗಳು. ಜೊತೆಗೆ ಅದೇ ಕೊಳೆತ ಮೊಟ್ಟೆಯ ವಾಸನೆ. ಬಾತ್‌ರೂಮಿನಲ್ಲಿ ಅದೇ, ಹೀಟರಿನ ನೀರಂತೂ ಕೇಳುವುದೇ ಬೇಡ. ಎಂಬತ್ತು ವರ್ಷದ ಮುದುಕಿ ಈ ನೀರಲ್ಲಿ ಬಾಯಿ ಮುಕ್ಕಳಿಸಬೇಕು. ನಾನು ಹೊರಗೆ ಬಂದು ಮೆಟ್ಟಿಲಿನ ಮೇಲೆ ಕೂತುಬಿಟ್ಟೆ. ನಿಂಬೆಗಿಡದ ಎಲೆ ಅರ್ಧ ಉದುರಿತ್ತು.

ಬ್ಲೀಚಿಗಾಗಿ ಹೋಗಬೇಕಾದದ್ದು ಕಾಕನ ಅಂಗಡಿಗೇ. ಬಾಟಲಿ ಕೊಡುತ್ತಾ ನನ್ನ ಕೈಯನ್ನು ಮೂಸಿದವರ ಹಾಗೆ ಮಾಡಿ, "ನೀರು ಹಾಳಾಯ್ತಾ?" ಎಂದರು. ಅಂಗಡಿಗೆ ಬೀಗ ಹಾಕಿ ನನ್ನ ಜೊತೆ ಬಂದರು. ಮೆಟ್ಟಿಲಿನ ತನಕ ಬಂದವರು ಅಲ್ಲೇ ನಿಂತರು. ಒಳಗೆ ಬನ್ನಿ ಎಂದೆ.

"ಬೇಡ. ಕೀ ಇಲ್ಲದವನು ಒಳಗೆ ಬರುವುದು ಸರಿಯಲ್ಲ. ನಾನು ಇಲ್ಲಿಂದಲೇ ಹೇಳ್ತೇನೆ, ನೀವು ಮಾಡಿ."

ಹಾಗೆ ಆ ಮಧ್ಯಾಹ್ನ ಅವರು ಬಿಸಿಲಿನಲ್ಲಿ ನಿಂತು ಹೇಳಿದರು, ನಾನು ಒಳಗೆ ಮಾಡಿದೆ. ಮೊದಲು ಪಂಪ್ ಬಂದ್ ಮಾಡುವುದು. ಕೆಳಗಿನ ಎರಡು ವಾಲ್ವ್ ತೆಗೆಯುವುದು. ಹೀಟರಿನ ಬಿರಡೆ ಬಿಚ್ಚುವುದು. ಬಿಸಿನೀರಿನ ನಲ್ಲಿ, ತಣ್ಣೀರಿನ ನಲ್ಲಿ ಎರಡೂ ತೆರೆದಿಡುವುದು, ಇಲ್ಲದಿದ್ದರೆ ಗಾಳಿ ಹೋಗದೆ ಪೈಪಿನಲ್ಲಿ ನೀರು ಉಳಿಯುತ್ತದೆ. ಆಮೇಲೆ ಬ್ಲೀಚು ಬೆರೆಸಿದ ನೀರು ತುಂಬಿಸಿ ಪ್ರತಿ ನಲ್ಲಿಯಲ್ಲೂ ಬ್ಲೀಚಿನ ವಾಸನೆ ಬರುವ ತನಕ ಬಿಟ್ಟು, ನಿಲ್ಲಿಸಿ, ಮತ್ತೆ ಮತ್ತೆ ತೊಳೆಯುವುದು. ವಾಹನ ನಿಂತಿರುವಷ್ಟು ಕಾಲವೂ ಟ್ಯಾಂಕು ಖಾಲಿ ಇರಬೇಕು, ನಲ್ಲಿ ತೆರೆದಿರಬೇಕು. ನಾನು ಇಷ್ಟು ವರ್ಷ ಸಾಕ್ಷಿ ಎಂದು ಫೋಟೋ ತೆಗೆದಿಟ್ಟದ್ದೆಲ್ಲ ಇದನ್ನೇ.

ಒಳಗಿನಿಂದ ಮುಖ ತೋರಿಸದೆ ಕೇಳಿದೆ, ಇದನ್ನು ನನಗೆ ಮೊದಲೇ ಯಾಕೆ ಹೇಳಲಿಲ್ಲ ಎಂದು.

ಹೊರಗಿನಿಂದ ಕಾಕನ ದನಿ ಬಂತು. "ಹೇಗೆ ಹೇಳುವುದು ಮಾರಾಯ್ರೆ? ನನ್ನನ್ನು ಹೆತ್ತ ಉಮ್ಮ ಕೂಡ ಹಾಗೆಯೇ. ಕೊಡ ತುಂಬಿಸದೆ ಮನೆ ಬಿಟ್ಟದ್ದೇ ಇಲ್ಲ. ನೀವು ಅಷ್ಟು ಭಕ್ತಿಯಲ್ಲಿ ತುಂಬಿಸುವುದು ನೋಡಿದ್ರೆ, ಬೇಡ ಅಂತ ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ. ನೀವು ಹೋದ ಮೇಲೆ ನಾನು ಗಿಡಕ್ಕೆ ಬಿಡ್ತಿದ್ದೆ. ಅರ್ಬಾಬ್ ಬರುವ ಮೊದಲು ಗೇಟು ತೆಗೆದಿಡ್ಲಿಕ್ಕೆ ಫೋನ್ ಮಾಡ್ತಾರೆ, ಆಗ ತೊಳೆದು ತುಂಬಿಸಿ ಇಡ್ತಿದ್ದೆ. ನೀವು ಬರುವಾಗಲೂ ತುಂಬಿಸಿ ಇಡ್ಬೇಕು ಅಂತ ನನಗೆ ಆಸೆ. ನೀವು ಹೇಳದೆ ಬರ್ತೀರಲ್ಲ."

ನನಗೆ ನಾಚಿಕೆಯಾಯಿತು. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ. ಹೊರಗೆ ಬರಲಿಕ್ಕೆ ಧೈರ್ಯ ಸಾಲದೆ ತೊಳೆದ ಸಿಂಕನ್ನೇ ತೊಳೆಯುತ್ತಾ ನಿಂತೆ.

ಮಾರನೆಯ ದಿನ ಅರ್ಬಾಬ್ ಬಂದ ಕೂಡಲೇ, ಅವರ ತಾಯಿ ಕಾರಿನಿಂದ ಇಳಿಯುವ ಮೊದಲೇ, ಎಲ್ಲವನ್ನೂ ಹೇಳಿದೆ. ನೀವು ಕೊಟ್ಟ ಶಾಬಾಸೂ ಕಾಕನದ್ದೇ ಎಂದೆ. ಕೆಲಸ ಹೋಗುತ್ತದೆ ಎಂದುಕೊಂಡಿದ್ದೆ. ಅವರು ನನ್ನನ್ನು ಉದ್ದಕ್ಕೆ ನೋಡಿ, ಕೋಣೆಯ ಮಾತು ಖಲಾಸ್, ಕಾಕ ಎಲ್ಲಿಗೂ ಹೋಗುವುದಿಲ್ಲ ಎಂದರು. ಕೀಯನ್ನು ಮಾತ್ರ ನೀನೇ ನಿನ್ನ ಕೈಯಾರೆ ಕೊಡಬೇಕು ಎಂದರು.

ಕೊಡಲಿಕ್ಕೆ ಹೋದೆ. ಕಾಕ ಎಂದಿನಂತೆ ಚಹಾ ಕೊಟ್ಟರು. ಕೀ ಕಡೆ ನೋಡಿ, "ನಿಮ್ಮ ಹತ್ರವೇ ಇರಲಿ" ಎಂದರು. ಸಿಟ್ಟಿರಲಿಲ್ಲ ಮಾತಿನಲ್ಲಿ. ಸಿಟ್ಟು ಮಾಡಿದ್ದರೆ ಎಷ್ಟೋ ಒಳ್ಳೆಯದಿತ್ತು.

ಇದಾಗಿ ಮೂರು ವರ್ಷ. ಈಗ ಟ್ಯಾಂಕನ್ನು ನಾನೇ ಖಾಲಿ ಮಾಡಿ, ನಲ್ಲಿ ತೆರೆದಿಟ್ಟು ಬರುತ್ತೇನೆ. ಪ್ರತಿ ಸಲ ಕೈ ತಡೆಯುತ್ತದೆ, ಅಮ್ಮ ಎಲ್ಲಿಂದಲೋ ನೋಡುತ್ತಿರುವ ಹಾಗೆ. ಫ್ಲಾಟಿನ ಬಕೆಟುಗಳನ್ನೂ ಈ ಸಲ ಬೋರಲು ಹಾಕಿಯೇ ಊರಿಗೆ ಹೋಗಿದ್ದೆ. ಪೈಪಿನೊಳಗಿನ ನೀರಿನ ನೆನಪು ಮಾತ್ರ ಆಗಿರಲಿಲ್ಲ.

ನಲ್ಲಿಯಲ್ಲಿ ನೀರು ತಿಳಿಯಾಗುವ ಹೊತ್ತಿಗೆ ಕಾಕನಿಗೆ ಫೋನ್ ಮಾಡಿದೆ. ಊರಿನಿಂದ ಬಂದೆ, ಈ ಶುಕ್ರವಾರ ಇಬ್ರಾಕ್ಕೆ ಬರುತ್ತೇನೆ ಎಂದೆ. ಈಗ ನಾನು ಹೇಳದೆ ಹೋಗುವುದಿಲ್ಲ. ಹೋದಾಗಲೆಲ್ಲ ಕ್ಯಾರವಾನಿನ ಮೆಟ್ಟಿಲಿನ ಕೆಳಗೆ ಒಂದು ಬಕೆಟು ನೀರು, ಮೇಲೆ ತಟ್ಟೆ ಮುಚ್ಚಿ, ಪಕ್ಕದಲ್ಲೊಂದು ಮಗ್ಗು ಇಟ್ಟಿರುತ್ತದೆ. ಅದರ ಬಗ್ಗೆ ನಾವಿಬ್ಬರೂ ಮಾತಾಡುವುದಿಲ್ಲ. ನಾನು ಕಾಲು ತೊಳೆದುಕೊಂಡು ಬೀಗ ತೆಗೆಯುತ್ತೇನೆ, ಅವರು ಹೊರಗೇ ನಿಂತಿರುತ್ತಾರೆ.

"ಬನ್ನಿ ಬನ್ನಿ, ನೀರು ಇಡ್ತೇನೆ" ಎಂದರು ಕಾಕ.

ಫೋನ್ ಇಟ್ಟು, ಮೊಳೆಗೆ ನೇತುಹಾಕಿದ್ದ, ಕಾಕನ ಪಾಲಿನ ಎರಡನೆಯ ಕೀಯನ್ನು ತೆಗೆದು ಶುಕ್ರವಾರದ ಅಂಗಿಯ ಜೇಬಿಗೆ ಹಾಕಿದೆ. ಮೂರು ವರ್ಷದಿಂದ ಪ್ರತಿ ಸಲ ಹಾಕಿಕೊಂಡು ಹೋಗುತ್ತೇನೆ, ಪ್ರತಿ ಸಲ ಅದು ನನ್ನ ಜೊತೆಗೇ ವಾಪಸು ಬರುತ್ತದೆ.